ತಂಬೂರಿಯ ಪಕಳಿಯೂ ನನ್ನ ‘ಬಂತ್ರಿ’ಯೂ

ನಮ್ಮ ಬಳಗದಲ್ಲಿ ಒಂದು ಕತೆ ಇದೆ. ಮದುವೆಯಿರಲಿ, ತೊಟ್ಟಿಲಿರಲಿ, ಊಟ ಮುಗಿದು ಎಲೆಅಡಿಕೆಯ ತಟ್ಟೆ ಬಂತೆಂದರೆ ಅದರ ಹಿಂದೆಯೇ ಈ ಕತೆಯೂ ಬರುತ್ತದೆ. ಹುಮನಾಬಾದಿನ ನಾಗನಾಥ ಮಾಮಾ ಹೊಸದಾಗಿ ಮದುವೆಯಾದಾಗ ತಮ್ಮ ಹೆಂಡತಿಯಾದ ನಮ್ಮ ಕಲಾ ಅತ್ತಿಗೆ, ಎಂದರೆ ನನ್ನ ಅಪ್ಪನ ತಂಗಿಗೆ, ತಮ್ಮ ಕೈಯಾರೆ ಒಂದು ತಂಬೂರಿ ಮಾಡಿಕೊಟ್ಟರಂತೆ. ಎಲ್ಲರ ತಂಬೂರಿಗೂ ಕೆಳಗೆ ಒಣಗಿದ ಕುಂಬಳದ ಬುರುಡೆಯಿದ್ದರೆ ಇದಕ್ಕೆ ಕಟ್ಟಿಗೆಯ ಬುರುಡೆ. ತೆಳ್ಳನೆಯ ಪಟ್ಟಿಗಳನ್ನು ಬಿಲ್ಲಿನಂತೆ ಬಗ್ಗಿಸಿ, ಒಂದರ ಮಗ್ಗುಲಿಗೆ ಒಂದು ಅಂಟಿಸಿ, ಸುಲಿದ ಮೋಸಂಬಿಯ ತೊಳೆಗಳನ್ನು ಮತ್ತೆ ಕೂಡಿಸಿಟ್ಟಂತೆ ಮಾಡಿದ ಹೊಟ್ಟೆ. ಆ ಪಟ್ಟಿಗಳನ್ನು ಬಗ್ಗಿಸುವಾಗ ಅತ್ತಿ ಹೊಸ್ತಿಲ ಮೇಲೆ ಕೂತು ಭಜನೆ ಹಾಡುತ್ತಿದ್ದರಂತೆ. ಹಾಡು ಕೇಳಿ ಕೇಳಿ ಕಟ್ಟಿಗೆ ಮೆತ್ತಗಾಗಿ ತಾನೇ ಬಗ್ಗಿತಂತೆ.

ಕತೆ ಹೇಳುವವರು ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಕೇಳುವವರು ‘ಆಹಾ’ ಅನ್ನಬೇಕು, ಅದು ಪದ್ಧತಿ. ನಾನು ‘ಅದ್ಹೆಂಗ?’ ಅಂದೆ.

ಅಂದದ್ದು ನಿರ್ಣಾದಲ್ಲಿ, ನನ್ನ ದೊಡ್ಡವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಕತೆ ಹೇಳುತ್ತಿದ್ದವಳೂ ದೊಡ್ಡವ್ವನೇ. ನಾನು ಕಾನೂನು ಓದಿದವಳು, ಬಸವಕಲ್ಯಾಣದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕಡತ ಹೊರುವವಳು. ಅದಕ್ಕೂ ಮೊದಲು ಶಾಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಗೆ ಹೊತ್ತು ತಂದವಳು. ಹೀಗಾಗಿ ತೊಟ್ಟಿಲ ಪಕ್ಕದಲ್ಲೇ ಎದ್ದು ನಿಂತು, ಕೂಸಿನ ಹೆಸರನ್ನು ಇನ್ನೂ ಯಾರೂ ಸರಿಯಾಗಿ ಬಾಯಿಪಾಠ ಮಾಡಿಕೊಳ್ಳುವ ಮುಂಚೆಯೇ, ವಾದ ಶುರು ಮಾಡಿದೆ.

ಮೊದಲನೆಯದಾಗಿ, ಕಟ್ಟಿಗೆ ಬಗ್ಗುವುದು ಬಿಸಿಗೆ ಮತ್ತು ನೀರಿಗೆ, ಭಕ್ತಿಗಲ್ಲ. ಎರಡನೆಯದಾಗಿ, ಭಜನೆಗೆ ಕಟ್ಟಿಗೆ ಬಗ್ಗುವುದೇ ಆದರೆ ವಾರವಾರ ಭಜನೆ ನಡೆಯುವ ಮನೆಗಳ ಬಾಗಿಲ ಚೌಕಟ್ಟುಗಳೆಲ್ಲ ಇಷ್ಟೊತ್ತಿಗೆ ಡೊಂಕಾಗಿ, ಯಾರೂ ಒಳಗಿಂದ ಹೊರಗೆ ಬರದಂತಾಗಬೇಕಿತ್ತು. ಮೂರನೆಯದಾಗಿ, ಇಲ್ಲಿ ಕೂತವರಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರು? ಇಬ್ಬರೇ. ಮಾಮಾ ಮತ್ತು ಅತ್ತಿ. ಅವರಿಬ್ಬರೂ ಈ ಕತೆಯನ್ನು ಯಾವತ್ತೂ ಹೇಳಿದ್ದು ನಾನಂತೂ ಕೇಳಿಲ್ಲ.

ಮೂರನೆಯ ಅಂಶ ನನಗೆ ತುಂಬ ಇಷ್ಟವಾಯಿತು. ಹೇಳಿದ ಮೇಲೆ ನಾನೇ ಒಂದು ಕ್ಷಣ ಅದರ ಚಂದ ನೋಡುತ್ತ ನಿಂತೆ.

‘ಈ ಪೋರಿಗಿ ಲಗೂನ ಲಗ್ನ ಮಾಡ್ರಿ,’ ಅಂದಳು ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತ. ‘ಈ ವಾದಾ ಎಲ್ಲಾ ಅಲ್ಲಿ ಹೋಗಿ ಮಾಡ್ಲಿ.’

‘ಅಲ್ಲಿಂದ ಮೂರನೇ ದಿನಕ್ಕ ವಾಪಸ್ ಕಳಸ್ತಾರ,’ ಅಂದಳು ನನ್ನ ಅವ್ವ. ಅವ್ವ ನನ್ನ ಪಕ್ಷದವಳು ಎಂದು ನಾನು ತಿಳಿದಿದ್ದೆ.

ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಮಾಮಾ ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. ಮಾಮಾ ಹುಮನಾಬಾದಿನಲ್ಲಿ ಫರ್ನಿಚರ್ ಅಂಗಡಿ ಇಟ್ಟವರು. ತಾವು ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುವುದಿಲ್ಲ ಎಂದು ಕೇಳದವರಿಗೂ ಹೇಳುವವರು. ಸುಮ್ಮನಿರುವುದು ಅವರ ಸ್ವಭಾವವಲ್ಲ.

‘ಬಿಸಿ ಸಾಕು, ನೀರು ಸಾಕು ಅಂತಾಳ ನಮ್ಮ ವಕೀಲ್ ಸಾಹೇಬ್ರು,’ ಅಂದರು. ‘ಆತು. ತಂಬೂರಿದು ಒಂದು ಪಕಳಿ ಸೀಳ್ಯಾದ. ಈ ಐತವಾರ ಹುಮನಾಬಾದಿಗಿ ಬಾ. ಬಿಸಿ ನಾ ಕೊಡ್ತೀನಿ, ನೀರೂ ನಾನೇ ಕೊಡ್ತೀನಿ. ನೀ ಬಗ್ಗಿಸಿ ತೋರಸು. ನಾ ಕೈ ಹಚ್ಚಂಗಿಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಸವಾಲು ಬಂದರೆ ಹಿಂಜರಿಯದವಳು ಎಂಬ ಹೆಸರಿದೆ ನನಗೆ. ಆ ಹೆಸರು ಇಟ್ಟುಕೊಂಡವಳೂ ನಾನೇ.

ಪಕಳಿ ಎಂದರೆ ಹೂವಿನ ಎಸಳು. ಬುರುಡೆಯ ಒಂದೊಂದು ಪಟ್ಟಿಯನ್ನೂ ಮಾಮಾ ಹಾಗೆ ಕರೆಯುತ್ತಾರೆ. ನಡುವೆ ಅಗಲ, ಎರಡೂ ತುದಿಗೆ ಚೂಪು, ನೋಡಲು ಹಾಗೆಯೇ ಇರುತ್ತದೆ. ಹರೆಯದಲ್ಲಿ ಅವರು ಹೈದರಾಬಾದಿನಲ್ಲಿ ಕೆಲಸ ಕಲಿಯುವಾಗ ಅರಬರ ಊದ್ ಎಂಬ ವಾದ್ಯ ರಿಪೇರಿಗೆ ಬಂದದ್ದನ್ನು ನೋಡಿದ್ದರಂತೆ. ಅದರ ಬೆನ್ನು ಹೀಗೇ ಪಟ್ಟಿಪಟ್ಟಿಯಾಗಿ ಕೂಡಿಸಿದ್ದು. ಅದನ್ನು ತಲೆಯಲ್ಲಿಟ್ಟುಕೊಂಡು ಬಂದು, ತಂಬೂರಿಗೆ ಕುಂಬಳದ ಬುರುಡೆಯ ಬದಲು ಆ ಬೆನ್ನನ್ನು ಕೂಡಿಸಿದರು. ಸಂಗೀತ ಬಲ್ಲವರು ಇದನ್ನು ತಂಬೂರಿ ಅನ್ನುವುದಿಲ್ಲ, ಊದ್ ಎಂದೂ ಅನ್ನುವುದಿಲ್ಲ. ಅತ್ತಿ ಮಾತ್ರ ಅದನ್ನು ‘ನಂದು’ ಅನ್ನುತ್ತಾರೆ.

ಅಂಥ ಒಂದು ಪಕಳಿ ಈಗ ನನ್ನ ಮೇಜಿನ ಮೇಲೆ ಇದೆ. ಬಾಗಿದ್ದು, ನಡುವೆ ಬಿರುಕು ಬಿಟ್ಟದ್ದು. ಕಕ್ಷಿದಾರರು ಅದನ್ನು ಬೆನ್ನು ಕೆರೆದುಕೊಳ್ಳುವ ಕಡ್ಡಿ ಎಂದು ತಿಳಿಯುತ್ತಾರೆ. ಒಬ್ಬರು ಜಮೀನಿನ ತಕರಾರು ಹೇಳುತ್ತ ಹೇಳುತ್ತ ಅದನ್ನೆತ್ತಿ ಅಂಗಿಯೊಳಗೆ ಹಾಕಿಯೇ ಬಿಟ್ಟರು. ಕೆರೆದು ಮುಗಿಸಿ, ‘ಛಲೋ ಅದರಿ’ ಎಂದು ಸರ್ಟಿಫಿಕೇಟೂ ಕೊಟ್ಟರು. ಈ ಬರಹ ಶುರುವಾದದ್ದು ಅದರಿಂದಲೇ. ಆ ಕಡ್ಡಿಯ ನಿಜವಾದ ಚರಿತ್ರೆಯನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಚಿಕ್ಕಂದಿನ ಬೇಸಿಗೆ ರಜೆಗಳನ್ನೆಲ್ಲ ನಾನು ಕಳೆದದ್ದು ಮಾಮಾನ ಅಂಗಡಿಯ ಹಿಂದಿನ ಪತ್ರಾಸಿನ, ಎಂದರೆ ತಗಡಿನ, ಶೆಡ್ಡಿನಲ್ಲಿ. ರಂದಾ ಹೊಡೆದಾಗ ಕಟ್ಟಿಗೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತಲ್ಲ, ಅವನ್ನು ಕಿವಿಯ ಪಕ್ಕ ಸಿಗಿಸಿಕೊಂಡು ಗುಂಗುರು ಕೂದಲಿನ ರಾಣಿಯಾಗುತ್ತಿದ್ದೆ. ಸಾಗವಾನಿಯ ಸುರುಳಿಗೆ ಚರ್ಮದ ಚೀಲದ ವಾಸನೆ, ಬೇವಿನದಕ್ಕೆ ಕಹಿ. ಸಂಜೆ ಅತ್ತಿ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ತಲೆ ಜಾಡಿಸುವರು. ‘ಇದು ಹೆಣ್ಣು ಕೂಸೋ, ಪಾಲಿಶ್ ಹಚ್ಚಲಾರದ ಕುರ್ಚಿನೋ’ ಎಂದು ಬೈಯುತ್ತಲೇ ಎಣ್ಣೆ ಹಚ್ಚುವರು. ಹಚ್ಚುತ್ತ ಹಚ್ಚುತ್ತ ಯಾವುದೋ ಪದ ಗುನುಗುವರು. ಗುನುಗು ನಿಂತರೆ ಜಡೆ ಮುಗಿಯಿತು ಎಂದು ಅರ್ಥ.

ಅದೇ ಶೆಡ್ಡಿನಲ್ಲಿ ನನ್ನ ವಾಕ್ಚಾತುರ್ಯಕ್ಕೂ ಅಡಿಪಾಯ ಬಿತ್ತು. ಶಾಲೆಯಲ್ಲಿ ‘ಟಿವಿಯಿಂದ ಒಳ್ಳೆಯದೋ ಕೆಟ್ಟದ್ದೋ’ ಎಂಬ ಸ್ಪರ್ಧೆಗೆ ನಾನು ಮಾಮಾನ ಮುಂದೆ ತಾಲೀಮು ಮಾಡಿದೆ. ಬೆಳಿಗ್ಗೆ ಒಳ್ಳೆಯದು ಎಂದು ಸಾಧಿಸಿದೆ. ಮಾಮಾ ಹೌದೆಂದರು. ಮಧ್ಯಾಹ್ನ ಕೆಟ್ಟದ್ದು ಎಂದು ಸಾಧಿಸಿದೆ. ಅದಕ್ಕೂ ಹೌದೆಂದರು. ‘ಎರಡಕ್ಕೂ ಹೌದು ಅಂದ್ರ ಹೆಂಗ್ರಿ?’ ಎಂದು ನಾನು ಸಿಟ್ಟಾದರೆ, ‘ನೀನೂ ಎರಡೂ ಹೇಳ್ದಿ, ನಾನೂ ಎರಡೂ ಕೇಳ್ದೆ. ಲೆಕ್ಕ ಬರಾಬರ್’ ಅಂದರು. ಆಮೇಲೆ ನಾನು ಕಾಲೇಜಿನಲ್ಲಿ ಕಲಿತದ್ದು ಇಷ್ಟೇ: ಪ್ರಶ್ನೆ ಕಿವಿಗೆ ಬೀಳುವಷ್ಟರಲ್ಲಿ ಉತ್ತರ ಬಾಯಲ್ಲಿರಬೇಕು. ತಡವರಿಸಿದವರು ಸೋತರು. ಗೊತ್ತಿಲ್ಲ ಎಂದವರು ವೇದಿಕೆಯಿಂದ ಇಳಿದಂತೆ. ಸರಿಯೋ ತಪ್ಪೋ, ದನಿ ಗಟ್ಟಿಯಿರಬೇಕು. ಈ ವಿದ್ಯೆ ನನಗೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ಬಸ್ಸಿನಲ್ಲಿ ಯಾರಾದರೂ ‘ಈ ಗಾಡಿ ಭಾಲ್ಕಿಗೆ ಹೋಗ್ತದೇನವ್ವಾ?’ ಎಂದು ಕೇಳಿದರೆ ನಾನು ಬೋರ್ಡು ನೋಡುವ ಮೊದಲೇ ‘ಹೋಗ್ತದ್ರಿ’ ಅನ್ನುತ್ತೇನೆ. ಎಷ್ಟು ಜನರನ್ನು ಎಲ್ಲೆಲ್ಲಿಗೆ ಕಳಿಸಿದ್ದೇನೋ.

ಆ ಭಾನುವಾರ ಹುಮನಾಬಾದಿಗೆ ಹೋದೆ. ಬಾಗಿಲು ತೆರೆದ ಅತ್ತಿಯ ಮುಖದಲ್ಲಿ ನಗುವಿತ್ತು, ಆದರೆ ಮನೆಯಲ್ಲಿ ಏನೋ ಕಡಿಮೆ ಅನಿಸಿತು. ಒಳಗೆ ಬಂದು ಕೂತ ಮೇಲೆ ಹೊಳೆಯಿತು. ಗುನುಗು ಇರಲಿಲ್ಲ.

ಅತ್ತಿ ಗುರುವಾರ ಗುರುವಾರ ಮಾಣಿಕನಗರದಲ್ಲಿ ತಮ್ಮ ಗೆಳತಿಯೊಬ್ಬರ ಮನೆಯ ಭಜನೆಗೆ ಹೋಗುವವರು. ಮದುವೆಯಾಗಿ ಬಂದಾಗಿನಿಂದ ಹೋಗುತ್ತಾರೆ. ತಂಬೂರಿ ಅವರದು, ಮೊದಲ ಪದವೂ ಅವರದು. ಈ ಬೇಸಿಗೆಯಲ್ಲಿ ತಂಬೂರಿಯನ್ನು ಯಾರೋ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರು. ಒಂದು ಪಕಳಿ ಉದ್ದಕ್ಕೂ ಸೀಳಿತು. ಅಂದಿನಿಂದ ತಂತಿ ಮೀಟಿದರೆ ಒಳಗೆ ನೊಣ ಸಿಕ್ಕಿಬಿದ್ದಂತೆ ಗುಂಯ್ ಅನ್ನುತ್ತದೆ.

‘ಶ್ರುತಿ ಡಬ್ಬಿ ಹಚ್ಚಿ ಹಾಡಬಾರ್ದೇನ್ರಿ?’ ಎಂದು ಕೇಳಿದೆ. ಸಮಸ್ಯೆ ಕಂಡರೆ ಪರಿಹಾರ ಒದಗಿಸುವುದು ನನ್ನ ರೋಗ.

‘ಹಚ್ಚಿದ್ರವ್ವಾ. ಒಬ್ಬಾಕಿ ತನ್ನ ಮೊಬೈಲಿನ್ಯಾಗ ಹಚ್ಚಿದ್ಳು. ನಾ ಕಣ್ಣು ಮುಚ್ಚಿ ಆಲಾಪ ತಗದಿನಿ, ನಡುವ ಸಾಲಾ ಬೇಕೇನ್ರಿ ಅಂತ ಫೋನ್ ಬಂತು.’ ಅತ್ತಿ ನಕ್ಕರು. ಆಮೇಲೆ ನಗದೆ ಹೇಳಿದರು: ‘ಈಗ ಹಿಂದ ಕುಂದ್ರತೀನಿ. ತಾಳಾ ಹಾಕ್ತೀನಿ. ಹಾಡಂಗಿಲ್ಲ. ಅದು ಸಾಥ್ ಇಲ್ದ ನನ್ನ ದನಿ ನನಗೇ ಬ್ಯಾರೆಯವರ ದನಿ ಅನಸ್ತದ. ನಿಮ್ಮ ಮಾಮಾಗ ಹೇಳಿ ಹೇಳಿ ಬಾಯಿ ನೋಯ್ತು. ಇವತ್ತು ನಾಳಿ ಅಂತಾರ. ಊರ ಮಂದಿ ಖುರ್ಚಿಗಿ ಟೈಮ್ ಅದ, ಇದಕ್ಕ ಇಲ್ಲ.’

ನಾನು ಎದೆಯುಬ್ಬಿಸಿದೆ. ‘ಚಿಂತಿ ಬಿಡ್ರಿ ಅತ್ತಿ. ಅದಕ್ಕೇ ನಾ ಬಂದೀನಿ.’

ಅತ್ತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ‘ಅದನ್ನ ಕೇಳೇ ಚಿಂತಿ ಹತ್ಯಾದ ನನಗ,’ ಅಂದರು.

ಇಷ್ಟು ಹೊತ್ತಿಗೆ ನೆನಪಾಯಿತು. ಸಾಕ್ಷಿ ಎದುರಿಗೇ ಇದ್ದಾಗ ಕೇಳದೆ ಬಿಟ್ಟರೆ ನಾನೆಂಥ ವಕೀಲೆ? ‘ಅತ್ತಿ, ಖರೇ ಹೇಳ್ರಿ. ಆವಾಗ ಪಕಳಿ ಬಗ್ಗಸೂ ಮುಂದ ನೀವು ಹೊಸ್ತಲದಾಗ ಕುಂತು ಭಜನಿ ಹಾಡಾಕತ್ತಿದ್ರಾ?’

‘ಹೇಳಾವ್ರು ಹೇಳ್ತಾರ. ಹಾಡಾಕ ಎಲ್ಲಿತ್ತು ಪುರಸೊತ್ತು? ಬೈಯಾಕತ್ತಿದ್ದೆ! ನಮ್ಮ ತವರಿಂದ ಕೊಟ್ಟ ತಾಮ್ರದ ಹಂಡೆದಾಗ ಕಟ್ಟಿಗಿ ನೆನಿಯಾಕ ಹಾಕಿದ್ರು. ಹೊಸಾ ಹಂಡೆ. ಒಂದು ಸಲಾ ಸೈತ ನೀರು ಕಾಸಿದ್ದಿಲ್ಲ. ಕಟ್ಟಿಗಿ ಕಂದು ಬಣ್ಣ ಬಿಟ್ಟು ಹಂಡೆ ಒಳಗ ಕಲೆ ಬಿತ್ತು. ಹೊಸ್ತಲದಾಗ ನಿಂತು ಬೈದೀನಿ, ಬೈದೀನಿ, ಓಣಿ ಮಂದಿ ಕೂಡ್ಯಾರ.’

ನನ್ನ ಮೂರೂ ಅಂಶಗಳು ಗೆದ್ದವು. ಆದರೆ ಗೆದ್ದ ಖುಷಿ ಬರಲಿಲ್ಲ. ಕತೆ ಸುಳ್ಳು ಎಂದು ನಾನು ಸಾಧಿಸಿದ್ದೆ, ಹಂಡೆಯೊಂದು ಇರಬಹುದು ಎಂದು ಊಹಿಸಿರಲಿಲ್ಲ. ಬೈಗುಳ ಯಾವಾಗ ಭಜನೆಯಾಯಿತೋ, ಅದು ನಿರ್ಣಾಕ್ಕೆ ಹೋಗುವ ದಾರಿಯಲ್ಲಿ ಆಗಿರಬೇಕು.

ಶೆಡ್ಡಿನಲ್ಲಿ ಮಾಮಾ ಎಲ್ಲ ಸಜ್ಜುಮಾಡಿದ್ದರು. ಎರಡು ಕಲ್ಲುಗಳ ನಡುವೆ ಅಡ್ಡವಾಗಿ ಇಟ್ಟ ದಪ್ಪನೆಯ ಕಬ್ಬಿಣದ ಪೈಪು, ಅದರೊಳಗೆ ಕೆಂಡ. ಪಕ್ಕದಲ್ಲಿ ನೀರಿನ ಬಕೇಟು (ಪ್ಲಾಸ್ಟಿಕ್ಕಿನದು, ಪಾಠ ಕಲಿತಿದ್ದಾರೆ), ಒದ್ದೆ ಬಟ್ಟೆ, ಮತ್ತು ಫರ್ಮಾ. ಫರ್ಮಾ ಎಂದರೆ ಬುರುಡೆಯ ಆಕಾರಕ್ಕೆ ಕೆತ್ತಿದ ಕಟ್ಟಿಗೆಯ ಗಟ್ಟಿ ದಿಮ್ಮಿ. ಬಗ್ಗಿಸಿದ ಪಕಳಿಯನ್ನು ಬಿಸಿಯಿರುವಾಗಲೇ ಇದರ ಮೇಲೆ ಕಟ್ಟಿ ಆರಲು ಬಿಡಬೇಕು.

ಮಾಮಾ ಒಂದು ಮುರುಕು ಸ್ಟೂಲಿನ ಮೇಲೆ ಕೂತು, ಎರಡೂ ಕೈ ಬಗಲಲ್ಲಿ ಸಿಗಿಸಿಕೊಂಡು, ಗದ್ದದಿಂದಲೇ ಎಲ್ಲವನ್ನೂ ತೋರಿಸತೊಡಗಿದರು. ಅದು ತೊಗೋ, ಇದು ಇಡು. ದೊಡ್ಡ ಮನುಷ್ಯರ ಠೀವಿ ಎಂದುಕೊಂಡೆ. ಕೈ ಹಚ್ಚುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದವರು ಮಾತು ಉಳಿಸಿಕೊಳ್ಳುತ್ತಿದ್ದಾರೆ, ಉಳಿಸಿಕೊಳ್ಳಲಿ.

‘ಇದು ಶಹತೂತ್,’ ಎಂದು ಗದ್ದದಿಂದ ಒಂದು ಹಲಗೆ ತೋರಿಸಿದರು. ‘ನಿರ್ಣಾದ ಹೊಲದ ಬಾವಿ ದಂಡಿ ಮ್ಯಾಲಿಂದು. ತಂಬೂರಿ ಅದರದೇ. ಆ ಗಿಡಾ ಗಾಳಿಗಿ ಬಿದ್ದು ಹೋತು. ಇಷ್ಟೇ ಉಳದದ. ಇದರಾಗ ಎರಡೇ ಪಕಳಿ ಹೊಂಟಾವ.’

ಶಹತೂತ್ ಎಂದರೆ ಪುಸ್ತಕದ ಕನ್ನಡದ ಹಿಪ್ಪುನೇರಳೆ. ಬೇರೆ ಕಟ್ಟಿಗೆ ಯಾಕಾಗದು ಎಂದು ನಾನು ಕೇಳಲೇಬೇಕಿತ್ತು, ಕೇಳಿದೆ. ಬೇರೆ ಕಟ್ಟಿಗೆ ಬೇಸಿಗೆಗೆ ಬೇರೆ ರೀತಿ ಕುಗ್ಗುತ್ತದೆ, ಮಗ್ಗುಲಿನ ಹಳೆಯ ಪಕಳಿಗಳನ್ನು ಬಿಟ್ಟು ಬರುತ್ತದೆ, ಮುಂದಿನ ವರ್ಷ ಮತ್ತೆ ಅದೇ ಹಾಡು ಎಂದರು. ನಾನು ಅದಕ್ಕೂ ಒಂದು ಪ್ರತಿವಾದ ಇಟ್ಟೆ. ಏನೆಂದು ಈಗ ನೆನಪಿಲ್ಲ. ಪ್ರತಿವಾದಗಳು ನನ್ನ ಬಾಯಿಂದ ಬೆವರಿನಂತೆ ಬರುತ್ತವೆ, ಅವಕ್ಕೆ ಕಾರಣ ಬೇಕಿಲ್ಲ.

ಮೊದಲು ಬೇವಿನ ಕೆಲಸಕ್ಕೆ ಬಾರದ ಪಟ್ಟಿಗಳ ಮೇಲೆ ರೂಢಿ. ಕೆಲಸ ಕೇಳಲು ಸಲೀಸು. ಪಟ್ಟಿಯನ್ನು ನೀರಲ್ಲಿ ಅದ್ದಬೇಕು, ಎರಡೂ ತುದಿ ಹಿಡಿದು ಕಾದ ಪೈಪಿನ ಮೇಲಿಡಬೇಕು, ಸುಂಯ್ ಎಂದು ಹಬೆ ಏಳುತ್ತದೆ, ಹಿಂದೆ ಮುಂದೆ ಸರಿಸುತ್ತ ಮೆಲ್ಲಗೆ ಒತ್ತಬೇಕು. ಬಿಸಿ ಒಳಗೆ ಹೋಗುವ ತನಕ ಕಟ್ಟಿಗೆ ಎದುರು ಒತ್ತುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಅದು ಹಟ ಬಿಡುತ್ತದೆ. ಹಟ ಮಾಡಿ ಮಾಡಿ ಮಲಗಿದ ಕೂಸಿನ ತೋಳು ಸಡಿಲಾಗುತ್ತದಲ್ಲ, ಹಾಗೆ. ಆಗ ಬಗ್ಗಿಸಬೇಕು. ಅದಕ್ಕೆ ಮುಂಚೆ ಬಗ್ಗಿಸಿದರೆ ಸೀಳುತ್ತದೆ, ಬಹಳ ತಡೆದರೆ ಸುಡುತ್ತದೆ.

‘ಬಂತಾ?’ ಅಂದರು ಮಾಮಾ.

‘ಬಂತ್ರಿ,’ ಅಂದೆ.

ಪಟ್.

ಇನ್ನೊಂದು ಪಟ್ಟಿ. ಹಬೆ, ಒತ್ತು. ‘ಬಂತಾ?’

‘ಬಂತ್ರಿ!’

ಪಟ್.

ಹೀಗೆ ಬೇವು ಮುಗಿಯಿತು, ಸಾಗವಾನಿಯ ಚೂರುಗಳೂ ಮುಗಿದವು. ನನ್ನ ಕಾಲ ಸುತ್ತ ಒಲೆಗೆ ಸಾಕಾಗುವಷ್ಟು ಪುಳ್ಳೆಯಾಯಿತು. ನನಗೆ ಸೋಲುವುದು ಹೊಸದು, ಹೀಗಾಗಿ ಸೋಲಿಗೆ ಕಾರಣ ಕೊಡುವುದರಲ್ಲಿ ಚುರುಕಾದೆ. ಬೇವಿನ ಎಳೆ ಅಡ್ಡಡ್ಡ ಇದೆ ಎಂದೆ. ಕೆಂಡ ಒಂದೇ ಕಡೆ ಇದೆ ಎಂದೆ. ಪೈಪು ಸಣ್ಣದು ಎಂದೆ.

‘ಪೈಪು ಸಣ್ಣದಿಲ್ಲ,’ ಅಂದರು ಮಾಮಾ. ‘ಬಂದದೋ ಇಲ್ಲೋ ಅಂತ ಕಟ್ಟಿಗಿನ್ನ ಕೇಳವಲ್ಲಿ ನೀ. ನಾ ಕೇಳಿದ್ದಕ್ಕ ನನಗ ಜವಾಬ್ ಕೊಡಾಕತ್ತಿ.’

ಇದು ಅನ್ಯಾಯ ಅನಿಸಿತು. ಕೇಳಿದವರಿಗೆ ಉತ್ತರಿಸದೆ ಇನ್ಯಾರಿಗೆ ಉತ್ತರಿಸಬೇಕು? ಸಿಟ್ಟಿನಿಂದ, ‘ಕೊಡ್ರಿ ಶಹತೂತ್. ಅದರ ಎಳಿ ಛಲೋ ಅದ, ಬರ್ತದ’ ಎಂದೆ. ಮಾಮಾ ಬೇಡ ಎನ್ನಬೇಕಿತ್ತು, ಅವರಿಗೂ ಅವಸರವಿತ್ತೇನೋ. ಗದ್ದದಿಂದ ತೋರಿಸಿದರು. ತೊಗೊಂಡೆ. ನೆನೆದ ಶಹತೂತ್ ಬಿಸಿ ತಾಗುತ್ತಲೇ ಬೇಯಿಸಿದ ಗೆಣಸಿನ ವಾಸನೆ ಬಿಟ್ಟಿತು. ಪಟ್ಟಿ ನಿಜಕ್ಕೂ ಬಾಗತೊಡಗಿತು. ನನ್ನ ಎದೆ ಹಿಗ್ಗಿತು.

‘ಬಂತಾ?’

ಅದು ಬಂದಿರಲಿಲ್ಲ. ನನ್ನ ಬೆರಳಿಗೆ ಗೊತ್ತಿತ್ತು, ಇನ್ನೂ ಎದುರು ಒತ್ತುತ್ತಿತ್ತು. ಆದರೆ ಬೆರಳಿಗಿಂತ ಬಾಯಿ ಮುಂದಿತ್ತು.

‘ಬಂತ್ರಿ!’

ನನ್ನ ಮೇಜಿನ ಮೇಲಿರುವುದು ಅದೇ.

ಇನ್ನು ಒಂದೇ ಉಳಿದಿತ್ತು. ಇದು ಹೋದರೆ ತಂಬೂರಿ ಹೀಗೇ, ಅತ್ತಿ ಹಿಂದಿನ ಸಾಲಿನಲ್ಲಿ ತಾಳ ಹಾಕಿಕೊಂಡು ಹೀಗೇ. ನನ್ನ ವಾದದ ಹುಚ್ಚಿಗೆ ಅವರ ತಂಬೂರಿಯನ್ನು ಪಣಕ್ಕಿಟ್ಟದ್ದು ಆಗ ತಲೆಗೆ ಹೋಯಿತು. ‘ಮಾಮಾ, ಸಾಕ್ರಿ. ನಾ ಸೋತೆ,’ ಎಂದೆ. ಈ ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಓದುಗರಾದ ನೀವು ಊಹಿಸಬಲ್ಲಿರಿ. ‘ಸಾಕು ಚೇಷ್ಟೆ. ಇದನ್ನ ನೀವೇ ಬಗ್ಗಸ್ರಿ.’

ಮಾಮಾ ಏಳಲಿಲ್ಲ. ‘ಸೋತೆ ಅಂದ್ರ ಹೆಂಗ? ನೀನೇ ಮಾಡಬೇಕು.’

‘ಯಾಕ್ರಿ? ಅತ್ತಿ ತಂಬೂರಿಕಿಂತ ನನಗ ಬುದ್ಧಿ ಕಲಸೂದು ದೊಡ್ಡದೇನು?’

‘ಏ, ಬಾಯಿ ಬಂದ್ ಮಾಡಿ ಕೆಂಡಾ ಕೆದರು.’

ಕೆದರಲು ಬಾಗಿದೆ. ಪೈಪು ಸ್ವಲ್ಪ ಜರುಗಿತು. ಅದನ್ನು ಸರಿಮಾಡಲು ಮಾಮಾ ಸ್ಟೂಲಿನಿಂದಲೇ ಬಾಗಿ ಬಗಲಿನಿಂದ ಕೈ ತೆಗೆದು ಪೈಪಿನ ತುದಿಗೆ ಇಟ್ಟರು. ಇಟ್ಟು, ಕೆಂಡ ಯಾವ ಕಡೆ ಸರಿಸಬೇಕೆಂದು ನನಗೆ ವಿವರಿಸತೊಡಗಿದರು. ವಿವರಿಸುತ್ತಲೇ ಇದ್ದರು. ಸುಂಯ್ ಎಂಬ ಸದ್ದು ಬಂತು. ಪೈಪಿನ ಮೇಲೆ ಆಗ ಕಟ್ಟಿಗೆ ಇರಲಿಲ್ಲ.

‘ಮಾಮಾ, ಕೈ!’

ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ತೆಗೆದರು. ಎರಡು ಬೆರಳು ಕೆಂಪಗಾಗಿದ್ದವು. ಬಕೇಟಿನಲ್ಲಿ ಅವರ ಕೈ ಅದ್ದಿ ಹಿಡಿದವಳು ನಾನು. ಅವರ ಮುಖದಲ್ಲಿ ನೋವಿರಲಿಲ್ಲ, ಸಿಕ್ಕಿಬಿದ್ದವರ ಮುಜುಗರವಿತ್ತು.

‘ಸಕ್ಕರಿ ಬ್ಯಾನಿ,’ ಅಂದರು. ‘ಬೆರಳಿಗಿ ಏನೂ ತಿಳೀವಲ್ದು. ಬಿಸಿನೂ ಇಲ್ಲ, ತಣ್ಣಗೂ ಇಲ್ಲ. ಡಾಕ್ಟರ್ ಹೇಳ್ಯಾನ, ಸಂಭಾಳಿಸಿ ಇರ್ರಿ ಅಂತ.’

‘ಅತ್ತಿಗಿ?’

‘ಹೇಳಿಲ್ಲ. ಹೇಳೂದೂ ಇಲ್ಲ, ನೀನೂ ಹೇಳಬ್ಯಾಡ. ನನ್ನ ಗಂಡ ಮಾಡಿದ್ದು, ನನ್ನ ಗಂಡನ ಕೈಯಂಥಾ ಕೈ ಜಿಲ್ಲಾದಾಗ ಇಲ್ಲ ಅಂತ ಊರೆಲ್ಲಾ ಹೇಳಿಕೋತ ತಿರಗ್ಯಾಳ ಅಕಿ. ಆ ಕೈ ಈಗ ಕಟ್ಟಿಗಿ ಅಂತ ಹೆಂಗ ಹೇಳ್ಲಿ?’

ಅಂಗಡಿಯಲ್ಲಿ ಕೆಲಸದವರಿದ್ದಾರೆ, ಬಾಗಿಲು ಖುರ್ಚಿಗಳನ್ನು ಅವರು ಮಷೀನಿನ ಮೇಲೆ ಮಾಡುತ್ತಾರೆ. ಅವರ ಕೈಯಲ್ಲಿ ಇದನ್ನು ಮಾಡಿಸಬಹುದಿತ್ತು. ಆದರೆ ಸಂಜೆಯೊಳಗೆ ಸುದ್ದಿ ಚಹಾದಂಗಡಿ ಮುಟ್ಟಿ, ಅಲ್ಲಿಂದ ಅತ್ತಿಯನ್ನು ಮುಟ್ಟುತ್ತಿತ್ತು. ಆಗ ನಿರ್ಣಾದ ಆ ಮಧ್ಯಾಹ್ನ ನನಗೆ ಬೇರೆಯಾಗಿ ಕಂಡಿತು. ನಾನು ನನ್ನ ವಾದದ ಬಲದಿಂದ ಸವಾಲು ಗಳಿಸಿದೆ ಎಂದು ತಿಳಿದಿದ್ದೆ. ಮಾಮಾ ಅಲ್ಲಿ ಕೂತು ಹುಡುಕುತ್ತಿದ್ದದ್ದು ಬಿಸಿ ತಿಳಿಯುವ ಹತ್ತು ಬೆರಳು. ನನ್ನ ಮೂರು ಅಂಶಗಳನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ವಾದ ಮಾಡುವಾಗ ನಾನು ಕೈ ಬಹಳ ಆಡಿಸುತ್ತೇನೆ, ಬಹುಶಃ ಅದನ್ನೇ ನೋಡಿದರು.

ಕಡೆಯ ಪಕಳಿಯನ್ನು ನೀರಿಗೆ ಹಾಕಿದೆ. ಮಾಮಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಹಬೆಯ ಸದ್ದು ಅವರ ಕಿವಿಗೆ, ವಾಸನೆ ಅವರ ಮೂಗಿಗೆ, ಉಳಿದದ್ದು ನನಗೆ. ಇಬ್ಬರೂ ಸೇರಿ ಒಬ್ಬ ಬಡಿಗ.

‘ಬಂತಾ?’

ನನ್ನ ನಾಲಿಗೆಯ ತುದಿಗೆ ಆ ಶಬ್ದ ಬಂದು ನಿಂತಿತು. ಹಲ್ಲು ಕಚ್ಚಿದೆ. ‘ಇಲ್ರಿ.’

‘ವಾಸನಿ ಬಂದದಲ್ಲ?’

‘ಬಂದದ್ರಿ. ಕಟ್ಟಿಗಿ ಬಂದಿಲ್ಲ.’

‘ಈಗ?’

‘ಗೊತ್ತಾಗವಲ್ದು.’

ಮಾಮಾ ಮೆಲ್ಲಗೆ ನಕ್ಕದ್ದು ಕೇಳಿಸಿತು. ‘ಹುಟ್ಟಿದಾಗಿಂದ ನೋಡೀನಿ ನಿನ್ನ. ಈ ಮಾತು ಬರ್ತದ ಅಂತ ತಿಳದಿದ್ದಿಲ್ಲ.’

ಅದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಕೊಡಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ನನ್ನ ಎರಡೂ ಹೆಬ್ಬೆರಳುಗಳ ಕೆಳಗೆ ಕಟ್ಟಿಗೆ ಸುಮ್ಮನಾಯಿತು. ಅದುವರೆಗೆ ಇದ್ದ ಒತ್ತು ಇರಲಿಲ್ಲ. ನಾನು ಬಗ್ಗಿಸಿದೆನೋ ಅದೇ ಬಂತೋ ತಿಳಿಯದು. ‘ಬಂತ್ರಿ’ ಎಂದು ಹೇಳುವುದೂ ಮರೆತೆ. ಮಾಮಾ ಕಣ್ಣಿಂದ ನೋಡಿ, ‘ಹಾಂ ಹಾಂ, ಫರ್ಮಾಕ್ಕ, ಫರ್ಮಾಕ್ಕ!’ ಎಂದು ಕೂಗಿದರು. ಓಡಿ ಹೋಗಿ ಕಟ್ಟಿದೆ. ಒಂದು ತುದಿ ಚೂರು ತಿರುಚಿಕೊಂಡಿತ್ತು, ಅದನ್ನು ಮತ್ತೆ ಬಿಸಿಗೆ ಹಿಡಿದೆ. ಅವಸರಕ್ಕೆ ಅಲ್ಲಿ ಒಂದು ಕಂದು ಕಲೆ ಬಿತ್ತು, ಹೆಬ್ಬೆರಳಿನಷ್ಟು.

ಆರಿದ ಮೇಲೆ ಅಂಚು ಉಜ್ಜಿ, ಹಳೆಯ ಪಕಳಿಯನ್ನು ಬಿಸಿ ಚಾಕುವಿನಿಂದ ಬಿಡಿಸಿ, ಹೊಸದನ್ನು ಕೂಡಿಸಲು ಇನ್ನೂ ಒಂದೆರಡು ಐತವಾರ ಹಿಡಿದವು. ಸಂದು ಉಳಿದ ಕಡೆ ಅಂಟಿಗೆ ಕಟ್ಟಿಗೆಯ ಪುಡಿ ಕಲಸಿ ತುಂಬಿದೆವು. ಮಾಮಾ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, ‘ನಡೀತದ’ ಅಂದರು. ನನಗೆ ಬಂದ ಯಾವ ಕಪ್ಪಿನ ಮೇಲೂ ಆ ಶಬ್ದ ಕೆತ್ತಿಲ್ಲ.

ತಂತಿ ಬಿಗಿದು ಒಳಗೆ ತಂದೆವು. ಅತ್ತಿ ಕೈ ಒರೆಸಿಕೊಂಡು ನೆಲದ ಮೇಲೆ ಕೂತು ತಂಬೂರಿಯನ್ನು ತೊಡೆಗೆ ತೆಗೆದುಕೊಂಡರು. ಮೀಟಲಿಲ್ಲ. ಮೊದಲು ಬೆನ್ನ ಮೇಲೆ ಕೈಯಾಡಿಸಿದರು. ಅವರ ಬೆರಳು ಹೊಸ ಪಕಳಿಯ ಮೇಲೆ ಸಾಗಿ, ಆ ಕಂದು ಕಲೆಯ ಮೇಲೆ ನಿಂತಿತು.

‘ಯಾರು ಮಾಡಿದ್ದು ಇದು?’

‘ಯಾರು ಮಾಡ್ತಾರ? ನಾನೇ,’ ಅಂದರು ಮಾಮಾ. ‘ಈ ಪೋರಿ ಬರೇ ನೀರು ಹೊತ್ತಳು, ಮತ್ತ ಮಾತಾಡಿದ್ಳು.’

ಸತ್ಯದ ಪರವಾಗಿ ಇಷ್ಟು ವರ್ಷ ಗಂಟಲು ಹರಿದುಕೊಂಡವಳು ನಾನು. ‘ಹೌದ್ರಿ’ ಎಂದೆ.

‘ಸುಟ್ಟದ,’ ಅಂದರು ಅತ್ತಿ.

‘ವಯಸ್ಸಾತು. ಸ್ವಲ್ಪ ತಡಾ ಆತು, ಅಷ್ಟೇ.’

ಅತ್ತಿ ಆ ಕಲೆಯನ್ನು ಸೆರಗಿನಿಂದ ಒಮ್ಮೆ ಒರೆಸಿದರು. ತಂತಿ ಮೀಟಿದರು. ನೊಣ ಹೋಗಿತ್ತು. ಹಳೆಯ ನಾದವೇ ಅಲ್ಲ, ಚೂರು ದಪ್ಪ ದನಿ, ನೆಗಡಿಯಾದವರ ಹಾಗೆ. ಅತ್ತಿ ಕಣ್ಣು ಮುಚ್ಚಿ ಕೇಳಿದರು, ತಂಬೂರಿಯ ಕಿವಿ ತಿರುಹಿದರು, ಮತ್ತೆ ಮೀಟಿದರು. ಆಮೇಲೆ ಬಾಯಿ ತೆರೆಯದೆ, ಮೂಗಿನಲ್ಲೇ, ಅದರ ಜೊತೆ ಒಂದು ಸ್ವರ ಕೂಡಿಸಿದರು. ಮಾಮಾ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ನೋಡತೊಡಗಿದರು.

‘ಈ ಗುರುವಾರ ಒಯ್ತೀನಿ,’ ಎಂದು ಅತ್ತಿ ತಂಬೂರಿಯನ್ನು ಗೋಡೆಗೆ ಒರಗಿಸಿ ಚಹಾ ಮಾಡಲು ಎದ್ದರು.

ಅತ್ತಿಯ ಮನೆಯ ಚಹಾ ಒಲೆಯಿಂದ ನೇರ ಕೈಗೆ ಬರಬೇಕು. ಆರಿದ ಚಹಾ ಕೊಟ್ಟರೆ ಬಂದವರಿಗೆ ಎದ್ದು ಹೋಗು ಎಂದು ಹೇಳಿದಂತೆ ಎಂದು ಅವರ ನಂಬಿಕೆ. ಸ್ಟೀಲಿನ ಲೋಟದಲ್ಲಿ ಬಂತು. ನಾನು ಸೆರಗಿನ ತುದಿಯಿಂದ ಹಿಡಿದರೂ ಬೆರಳು ಬದಲಾಯಿಸಬೇಕಾಯಿತು, ನಾಲಿಗೆಯೂ ಸುಟ್ಟಿತು. ಅತ್ತ ನೋಡಿದರೆ ಮಾಮಾ ತಮ್ಮ ಲೋಟವನ್ನು ಅಂಗೈಯಲ್ಲಿ ಪೂರಾ ಹಿಡಿದು, ಏನೂ ಆಗದವರಂತೆ ಅತ್ತಿಯ ಎದುರಿಗೇ ಕೂತಿದ್ದಾರೆ. ಈಗ ಸಿಕ್ಕಿಬಿದ್ದರು! ‘ಇಲ್ಲಿ ಕೊಡ್ರಿ, ಇದರಾಗ ಕಸಾ ಬಿದ್ದದ’ ಎಂದು ಸುಳ್ಳು ಹೇಳಿ ಅವರ ಲೋಟ ಕಸಿದುಕೊಂಡೆ.

ಉಗುರುಬೆಚ್ಚಗಿತ್ತು.

ಲೋಟವನ್ನು ಎತ್ತಿಕೊಂಡೇ ಅಡಿಗೆಮನೆಗೆ ಹೋದೆ. ಒಲೆಯ ಪಕ್ಕ ಎರಡು ಪಾತ್ರೆಗಳಿದ್ದವು, ಎರಡಕ್ಕೂ ಅಂಚಿನವರೆಗೆ ಚಹಾದ ನೊರೆ ಹತ್ತಿತ್ತು. ಒಂದರಿಂದ ಒಂದಕ್ಕೆ ಹೊಯ್ದು ಹೊಯ್ದು ಆರಿಸಿದ ಗುರುತು. ನನ್ನ ಹಿಂದೆಯೇ ಬಂದ ಅತ್ತಿ ಅವನ್ನು ಎತ್ತಿ ನಲ್ಲಿಯ ಕೆಳಗಿಟ್ಟರು, ನನ್ನ ಕಡೆ ನೋಡದೆ.

‘ಅತ್ತಿ,’ ಎಂದೆ, ಹೊರಗೆ ಕೇಳಿಸದ ಹಾಗೆ. ‘ಮಾಮಾಗ ಯಾವಾಗಿಂದ ಚಹಾ ಆರಿಸಿ ಕೊಡಾಕತ್ತೀರಿ?’